ಕರಾವಳಿಯ ಸೆಕೆಯೂ ಗೃಹಸ್ಥರ ಕರ್ತವ್ಯವೂ

ಬಿಸಿಲು ಬೇರೆ, ಸೆಕೆ ಬೇರೆ. ಘಟ್ಟದ ಮೇಲಿನ ಬಯಲುಸೀಮೆಯವರು ಬಿಸಿಲಿಗೆ ಅಂಜುವರು. ಘಟ್ಟದ ಕೆಳಗಿನ ನಾವು ಸೆಕೆಗೆ ಬೇಸರಪಡುವೆವು. ಅಂಜುವುದಕ್ಕೂ ಬೇಸರಪಡುವುದಕ್ಕೂ ಇರುವ ಅಂತರವನ್ನು ವಾಚಕ ಮಹಾಶಯರು ಗಮನಿಸಬೇಕೆಂದು ಬೇಡುವೆವು. ಅಂಜಿದವನು ಎಚ್ಚರವಾಗಿರುವನು. ಬೇಸರಪಟ್ಟವನು ಬೀಸಣಿಗೆಯನ್ನು ಕೈಗೆ ತೆಗೆದುಕೊಂಡು, "ಏನು ಸೆಕೆ ಮಾರಾಯ್ರೆ!" ಎಂದು ನೆರೆಯವರೊಡನೆ ನಾಲ್ಕು ಮಾತನಾಡಿ, ಅಷ್ಟಕ್ಕೆ ಮರೆತುಬಿಡುವನು. ಅರುವತ್ತು ವರ್ಷಗಳಿಂದ ಉಡುಪಿಯ ಸೀಮೆಯಲ್ಲಿಯೇ ಬಾಳಿದ ನಾವೂ ಹಾಗೆಯೇ ಇದ್ದೆವು. ಸೆಕೆಯಿಂದ ಮೈಯಲ್ಲಿ ಬೆವರುಸಾಲೆ ಏಳುವುದುಂಟು, ರಾತ್ರಿಯ ನಿದ್ರೆ ಕೆಡುವುದುಂಟು. ಪ್ರಾಣಕ್ಕೆ ಅಪಾಯವುಂಟೆಂದು ಮಾತ್ರ ನಮಗೆ ಎಂದೂ ತೋರಿರಲಿಲ್ಲ.

2024ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯ ವಾರವದು. ಯುಗಾದಿಗೆ ಇನ್ನೂ ಹತ್ತು ಹನ್ನೆರಡು ದಿನಗಳಿದ್ದುವು. ನಮ್ಮೊಡನೆಯೇ ಇರುವ ನಮ್ಮಕ್ಕನಿಗೆ ಆಗ ಎಪ್ಪತ್ತೆರಡು ವರ್ಷ. ಮಧ್ಯಾಹ್ನದ ಊಟ ತೀರಿಸಿ ಅವರು ಎಂದಿನಂತೆ ಪಡುವಣ ಕೋಣೆಯಲ್ಲಿ ಮಲಗಿದರು. ಅದು ಹೆಂಚಿನ ಮನೆಗೆ ಆಮೇಲೆ ಜೋಡಿಸಿದ ತಾರಸಿಯ ಕೋಣೆ. ಬಿಸಿಗಾಳಿ ಬರುವುದೆಂದು ಕಿಟಕಿಗಳನ್ನು ಮುಚ್ಚಿದ್ದರು. ಒಂದು ಗಂಟೆಗೆ ವಿದ್ಯುತ್ತು ಹೋಗಿ ಪಂಖವೂ ನಿಂತಿತು. ಮೂರೂವರೆಗೆ ಕಾಫಿಗೆ ಕರೆಯಹೋದಾಗ ಅವರ ಮುಖವು ಕೆಂಪೇರಿತ್ತು. ಮೈಯು ಕಾದ ಕಾವಲಿಯಂತಿತ್ತು. ಬೆವರಿನ ಹನಿಯೊಂದೂ ಇರಲಿಲ್ಲ. ನಮ್ಮನ್ನು ನೋಡಿ ಅವರು, "ಅಮ್ಮ ತೋಟದಿಂದ ಬಂದಳೇ?" ಎಂದು ಕೇಳಿದರು. ನಮ್ಮ ತಾಯಿಯವರು ತೀರಿಕೊಂಡು ಮೂವತ್ತು ವರ್ಷಗಳಾಗಿವೆ.

ನಾವು ಮಾಡಿದ್ದೇನೆಂಬುದನ್ನು ಮುಚ್ಚಿಡದೆ ಹೇಳುವೆವು. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ. ಜ್ವರವೆಂದು ಬಗೆದು ಹೊದಿಕೆಯನ್ನು ಹೊದಿಸಿದೆವು. ಜ್ವರದ ಮಾತ್ರೆಯನ್ನು ಹುಡುಕತೊಡಗಿದೆವು. ಮನೆಗೆಲಸಕ್ಕೆ ಬರುವ ಹೆಂಗಸು ಗಲಿಬಿಲಿ ಕೇಳಿ ಬಾವಿಯಿಂದ ಒಂದು ಕೊಡಪಾನ ನೀರನ್ನು ಹೊತ್ತು ತಂದಾಗ, "ಕಾದ ಮೈಗೆ ತಣ್ಣೀರು ಹೊಯ್ಯಬಾರದು, ಸನ್ನಿಯಾದೀತು" ಎಂದು ತಡೆದೆವು. ಆಕೆ ಗೇರುಬೀಜದ ಕಾರ್ಖಾನೆಯಲ್ಲಿ ಹುರಿಯುವ ಒಲೆಗಳ ಬಳಿ ವರ್ಷಗಟ್ಟಲೆ ದುಡಿದವಳು. ಇಂಥ ಅವಸ್ಥೆಯನ್ನು ಕಣ್ಣಾರೆ ಕಂಡವಳು. "ಮಾಷ್ಟ್ರೆ, ಸನ್ನಿಯ ಮಾತು ಆಮೇಲೆ ನೋಡುವ. ನೀವು ಮೊದಲು ಕಿಟಕಿ ತೆಗೀರಿ, ಗಾಳಿ ಬೀಸಿ" ಎಂದವಳೇ ಹೊದಿಕೆಯನ್ನು ಕಿತ್ತೆಸೆದು, ಅಕ್ಕನ ತಲೆಯಿಂದ ಕಾಲಿನವರೆಗೆ ನೀರು ಸುರಿದಳು. ಬೈರಾಸುಗಳನ್ನು ನೆನೆಸಿ ಕೊರಳಿಗೆ, ಕಂಕುಳಿಗೆ, ತೊಡೆಯ ಸಂದಿಗೆ ಇಟ್ಟಳು. ನಾವು ಅಡಕೆಯ ಹಾಳೆಯಿಂದ ಗಾಳಿ ಬೀಸಿದೆವು. 108ರ ವಾಹನವು ಬರುವುದಕ್ಕೆ ನಾಲ್ವತ್ತು ನಿಮಿಷಗಳಾದುವು. ಅದು ಬರುವಷ್ಟರಲ್ಲಿ ಅಕ್ಕನು ನಮ್ಮ ಗುರುತು ಹಿಡಿದಿದ್ದರು.

ವೈದ್ಯರು ಇದನ್ನು ಉಷ್ಣಾಘಾತವೆಂದು ಹೇಳಿದರು. ಆ ನಾಲ್ವತ್ತು ನಿಮಿಷ ನೀರಿಲ್ಲದೆ ಕಾದು ಕುಳಿತಿದ್ದರೆ ಆಸ್ಪತ್ರೆಗೆ ತಂದು ಪ್ರಯೋಜನವಾಗುತ್ತಿರಲಿಲ್ಲವೆಂದೂ ಹೇಳಿದರು. ಐದು ದಿನ ನಾವು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿದ್ದೆವು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು. ಆ ಹೊತ್ತಿನಲ್ಲಿ ನಮ್ಮ ವಿದ್ಯೆಯು ಕೊಡಪಾನಕ್ಕೆ ಅಡ್ಡ ನಿಂತಿತ್ತೆಂಬ ವಿಚಾರವು ನಮ್ಮನ್ನು ಬಿಡಲಿಲ್ಲ. ಆದುದರಿಂದ ಮನೆಗೆ ಬಂದ ಮೇಲೆ ಈ ವಿಷಯವನ್ನು ವಿದ್ಯಾರ್ಥಿಯಂತೆ ಮೊದಲಿಂದ ಓದಿದೆವು. ಓದಿ ತಿಳಿದುದನ್ನು ಗೃಹಸ್ಥರ ಮುಂದೆ ಇಡುವೆವು.

ಮನುಷ್ಯನ ದೇಹವು ಒಲೆಯಿಲ್ಲದೆ ಉರಿಯುವ ಬೆಂಕಿ. ಸುಮ್ಮನೆ ಕುಳಿತವನ ಮೈಯಿಂದಲೂ ನೂರು ವಾಟಿನ ಹಳೆಯ ವಿದ್ಯುದ್ದೀಪದಷ್ಟು ಶಾಖವು ಸದಾ ಹೊರಡುತ್ತಿರುವುದು. ಅದು ಹೊರಕ್ಕೆ ಹೋಗುತ್ತಿದ್ದರೆ ಮಾತ್ರ ಒಳಗಿನ ಉಷ್ಣವು 37 ಡಿಗ್ರಿಯ ಸುತ್ತಮುತ್ತ ನಿಲ್ಲುವುದು. ಸುತ್ತಲಿನ ಗಾಳಿಯೇ ಚರ್ಮದಷ್ಟು ಬಿಸಿಯಾದಾಗ ಶಾಖವು ಹೊರಡುವುದಕ್ಕೆ ಉಳಿಯುವ ಮುಖ್ಯ ದಾರಿಯು ಒಂದೇ, ಬೆವರು. ಬೆವರಿದರೆ ತಂಪಾಗುವುದೆಂದು ನಾವೆಲ್ಲರೂ ತಿಳಿದಿರುವೆವು. ಇದರಲ್ಲಿ ಅರ್ಧ ಮಾತ್ರ ನಿಜ. ಬೆವರು ಚರ್ಮದ ಮೇಲೆ ಆವಿಯಾದರೆ ತಂಪಾಗುವುದು. ಒಂದು ಲೀಟರು ಬೆವರು ಆರಿಹೋಗುವಾಗ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುವುದು. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ಉಪ್ಪಿನ ನಷ್ಟ, ನೀರಿನ ನಷ್ಟ, ಲಾಭವೇನೂ ಇಲ್ಲ.

ಇದಕ್ಕೆ ಮಣ್ಣಿನ ಹೂಜಿಯೇ ಸಾಕ್ಷಿ. ಕಲಬುರಗಿಯ ಮನೆಯೊಂದರಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವುದು. ಅದೇ ಹೂಜಿಯನ್ನು ಮಂಗಳೂರಿಗೆ ತಂದು ಇಟ್ಟರೆ ನೀರು ಅಷ್ಟು ತಣಿಯದು. ಹೂಜಿಯಲ್ಲಿ ದೋಷವಿಲ್ಲ, ಇಲ್ಲಿಯ ಗಾಳಿಯು ಮೊದಲೇ ತೇವವನ್ನು ಹೊಟ್ಟೆತುಂಬ ಕುಡಿದಿರುವುದು, ಇನ್ನಷ್ಟು ಕುಡಿಯಲಾರದು. ನಮ್ಮ ದೇಹವೂ ಅಂಥ ಒಂದು ಹೂಜಿ.

ಹೂಜಿಯ ಈ ತಣಿವನ್ನು ಅಳೆಯುವ ಉಪಾಯವುಂಟು. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿಯಾಡಿಸಿದರೆ, ನೀರು ಆರಿ ಆರಿ ಅದು ಎಷ್ಟು ಇಳಿಯಬಲ್ಲುದೋ ಅಷ್ಟಕ್ಕೆ ಇಳಿದು ನಿಲ್ಲುವುದು. ಇದನ್ನು ಒದ್ದೆಬುಡದ ಉಷ್ಣತೆಯೆಂದು ಕರೆಯಬಹುದು. ಬಯಲುಸೀಮೆಯಲ್ಲಿ 42 ಡಿಗ್ರಿಯ ಸೆಖೆಯಿದ್ದು ಗಾಳಿಯಲ್ಲಿ ನೂರಕ್ಕೆ 20ರಷ್ಟು ಮಾತ್ರ ತೇವವಿದ್ದರೆ ಒದ್ದೆ ಮಾಪಕವು ಸುಮಾರು 24ಕ್ಕೆ ಇಳಿಯುವುದು. ಕರಾವಳಿಯಲ್ಲಿ 34 ಡಿಗ್ರಿಯಿದ್ದು ನೂರಕ್ಕೆ 70ರಷ್ಟು ತೇವವಿದ್ದರೆ ಅದು 29ರ ಹತ್ತಿರವೇ ನಿಂತುಬಿಡುವುದು. ಒಣ ಮಾಪಕವನ್ನು ನೋಡಿದವರು ನಮ್ಮ ಊರು ಎಂಟು ಡಿಗ್ರಿ ಹಿತವೆಂದು ಹೇಳುವರು. ಒದ್ದೆ ಮಾಪಕವು ನಮ್ಮ ಊರು ಐದು ಡಿಗ್ರಿ ಕಷ್ಟವೆಂದು ಹೇಳುವುದು. ಬೆವರನ್ನು ನಂಬಿ ಬದುಕುವ ದೇಹವು ಎರಡನೆಯದರ ಮಾತನ್ನೇ ಕೇಳುವುದು. ಬಯಲುಸೀಮೆಯ ಬಿಸಿಲು ನಿರಪಾಯವೆಂದು ಇದರ ಅರ್ಥವಲ್ಲ. ಅಲ್ಲಿ ದೇಹವು ಬತ್ತಿ ಕೆಡುವುದು, ಇಲ್ಲಿ ಬೆಂದು ಕೆಡುವುದು.

ಒದ್ದೆಬುಡದ ಉಷ್ಣತೆಯು 35 ಡಿಗ್ರಿಗೆ ಏರಿ ಹಲವು ಗಂಟೆ ನಿಂತರೆ, ನೆರಳಿನಲ್ಲಿ ಬೆತ್ತಲೆ ಕುಳಿತ ಆರೋಗ್ಯವಂತನೂ ಬದುಕಲಾರನೆಂದು ವಿಜ್ಞಾನಿಗಳು ಗಣಿತದಿಂದ ಕಂಡುಕೊಂಡಿದ್ದರು. ಅಮೆರಿಕೆಯ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದವರು ತರುಣ ತರುಣಿಯರನ್ನು ಕೋಣೆಯಲ್ಲಿರಿಸಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತೇವದ ಗಾಳಿಯಲ್ಲಿ ಸುಮಾರು 31 ಡಿಗ್ರಿಯಲ್ಲಿಯೇ ದೇಹದ ಒಳಗಿನ ಉಷ್ಣವು ತಡೆಯಿಲ್ಲದೆ ಏರತೊಡಗುವುದು. ತರುಣರ ಸ್ಥಿತಿಯೇ ಇದಾದರೆ ಎಪ್ಪತ್ತೆರಡರ ಅಕ್ಕನಿಗೆ ಎಷ್ಟು ಅವಕಾಶ ಉಳಿದಿತ್ತೆಂಬುದನ್ನು ವಾಚಕರೇ ಊಹಿಸಬಹುದು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಬಯಲಿನಲ್ಲಿ ನೆರೆದ ಮಹಾಸಭೆಯೊಂದರಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಂದಿ ಉಷ್ಣಾಘಾತದಿಂದ ತೀರಿಕೊಂಡರು. ಆ ದಿನದ ಗರಿಷ್ಠ ಉಷ್ಣತೆಯು ಸುಮಾರು 38 ಡಿಗ್ರಿ ಮಾತ್ರವಾಗಿತ್ತು. ಅಂಕಿಯನ್ನು ನೋಡಿದರೆ ರಾಯಚೂರಿನವರು ನಕ್ಕಾರು. ಆದರೆ ಅದು ಕಡಲಂಚಿನ ಊರು. ನಮ್ಮ ಹವಾಮಾನ ಇಲಾಖೆಯವರೂ ಈ ಭೇದವನ್ನು ಬಲ್ಲರು. ಬಯಲಿನಲ್ಲಿ 40 ಡಿಗ್ರಿಯನ್ನು ಮುಟ್ಟಿದ ಮೇಲೆಯೇ ಅವರು ಉಷ್ಣದ ಅಲೆಯ ವಿಚಾರವೆತ್ತುವರು. ಕರಾವಳಿಯಲ್ಲಾದರೆ 37 ಡಿಗ್ರಿಯಾಗಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಸಾಕು.

ಇನ್ನು ಕಾಲದ ಮಾತು. ಚಾಂದ್ರಮಾನದ ಪಂಚಾಂಗವನ್ನು ತೆರೆದರೆ ಅಕ್ಕನು ಬಿದ್ದ ಫಾಲ್ಗುಣವು ಶಿಶಿರ ಋತುವಿಗೆ ಸೇರಿದುದು, ಎಂದರೆ ಚಳಿಗಾಲದ ಬಾಲ. ಚೈತ್ರ ವೈಶಾಖಗಳು ವಸಂತ. ಜ್ಯೇಷ್ಠ ಆಷಾಢಗಳು ಗ್ರೀಷ್ಮ. ಆದರೆ ಜ್ಯೇಷ್ಠವು ಬರುವಾಗ ನಮ್ಮ ಕರಾವಳಿಯಲ್ಲಿ ಮಳೆಗಾಲವೇ ಬಾಗಿಲಿಗೆ ಬಂದಿರುವುದು. ನಮ್ಮ ನಿಜವಾದ ಗ್ರೀಷ್ಮವು ಪುಸ್ತಕದ ವಸಂತದಲ್ಲಿಯೇ ಬಂದು ಹೋಗುವುದು. ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ವಸಂತಕ್ಕೆ ವ್ಯಾಯಾಮವನ್ನು ವಿಧಿಸಿ ಹಗಲುನಿದ್ರೆಯನ್ನು ನಿಷೇಧಿಸಿರುವನು. ಗ್ರೀಷ್ಮಕ್ಕಾದರೆ ವ್ಯಾಯಾಮವನ್ನೂ ಬಿಸಿಲನ್ನೂ ಬಿಡಿಸಿ, ತಂಪಾದ ದ್ರವಾಹಾರವನ್ನೂ ಹಗಲುನಿದ್ರೆಯನ್ನೂ ಒಪ್ಪಿರುವನು. ತಿಂಗಳ ಹೆಸರನ್ನು ನೋಡಿ ಚೈತ್ರದಲ್ಲಿ ವಸಂತದ ನಿಯಮವನ್ನು ಹಿಡಿದ ಕರಾವಳಿಯವನು ಶಾಸ್ತ್ರವನ್ನು ಓದಿಯೂ ಕೆಟ್ಟನು. ಋತುವನ್ನು ಪಂಚಾಂಗದಲ್ಲಿ ನೋಡದೆ ಅಂಗಳದಲ್ಲಿ ನೋಡತಕ್ಕದ್ದು.

ಈ ಮೊದಲ ಬೇಸಗೆಯೇ ಹೆಚ್ಚು ಅಪಾಯಕರವಾಗುವುದಕ್ಕೆ ಕಾರಣಗಳುಂಟು. ಮಾರ್ಚಿನ ಸುಮಾರಿಗೆ ಕೆಲವು ದಿನ ಒಳನಾಡಿನಿಂದ ಮೂಡುಗಾಳಿಯು ಬಲವಾಗಿ ಬೀಸಿ, ಕಡಲಿನ ಪಡುಗಾಳಿಯು ಹೊತ್ತು ಮೀರಿ ಬರುವುದು. ಪಡುಗಾಳಿ ತಡವಾದಷ್ಟೂ ನೆಲವು ಕಾಯುವುದು. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯನು ಮಂಗಳೂರಿನ ನೆತ್ತಿಯ ಮೇಲೆಯೇ ಬಂದು, ನಟ್ಟ ಕಂಬಕ್ಕೆ ಮಧ್ಯಾಹ್ನ ನೆರಳಿಲ್ಲದಂತಾಗುವುದು. ಅಷ್ಟರಲ್ಲಿ ಅರಬ್ಬೀ ಸಮುದ್ರದ ನೀರೂ ಕಾದು ಗಾಳಿಗೆ ಆವಿಯನ್ನು ಧಾರಾಳವಾಗಿ ತುಂಬುವುದು. ಸಮುದ್ರವು ಹಿಂದಿಗಿಂತ ಬೆಚ್ಚಗಾಗಿದೆ. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹೊರಬಲ್ಲುದು. "ನಮ್ಮ ಅಜ್ಜನ ಕಾಲದಲ್ಲಿ ಸೆಕೆ ಇರಲಿಲ್ಲವೇ?" ಎಂದು ಕೇಳುವವರಿಗೆ ಇದೇ ಉತ್ತರ. ಇದಲ್ಲದೆ, ದೇಹವು ಸೆಕೆಗೆ ಪಳಗುವುದಕ್ಕೆ ಒಂದೆರಡು ವಾರಗಳು ಬೇಕು. ಪಳಗಿದ ಮೈಯು ಬೇಗ ಬೆವರುವುದು, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುವುದು. ವರ್ಷದ ಮೊದಲ ಸೆಕೆಯಾದರೋ ಪಳಗದ ಮೈಯ ಮೇಲೆ ಬೀಳುವುದು.

ಮನೆಯಲ್ಲಿ ಮೊದಲು ಗಮನಿಸತಕ್ಕವರು ವೃದ್ಧರು. ವಯಸ್ಸಾದಂತೆ ಬಾಯಾರಿಕೆಯು ಮಂದವಾಗುವುದು, ಬೆವರೂ ಕುಗ್ಗುವುದು. ನಮ್ಮಕ್ಕನು ರಕ್ತದೊತ್ತಡಕ್ಕೆ ಮೂತ್ರ ಹೋಗಿಸುವ ಮಾತ್ರೆಯನ್ನು ಸೇವಿಸುತ್ತಿದ್ದರು. ಪದೇ ಪದೇ ಎದ್ದು ಹೋಗಬೇಕಾಗುವುದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಒಂದೇ ಮನೆಯಲ್ಲಿದ್ದೂ ಇದು ನಮಗೆ ಆಸ್ಪತ್ರೆಯಲ್ಲಿ ತಿಳಿಯಿತು. ಎಷ್ಟು ಮನೆಗಳಲ್ಲಿ ಅಕ್ಕ, ಅತ್ತೆ, ಅಜ್ಜಿಯರು ಹೀಗೆ ಮಾಡುತ್ತಿರುವರೋ ವಿಚಾರಿಸಿ ನೋಡಿರಿ. ಇಂಥ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಬೇಸಗೆಯು ಬರುವ ಮೊದಲೇ ವೈದ್ಯರನ್ನು ಕಂಡು ಪ್ರಮಾಣವನ್ನು ಕೇಳಿಕೊಳ್ಳಬೇಕು. ವೃದ್ಧರ ಬಳಿಕ ಕೂಸುಗಳು, ಗರ್ಭಿಣಿಯರು, ಹೃದಯ ಮೂತ್ರಪಿಂಡಗಳ ರೋಗವುಳ್ಳವರು. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂದು ನಿಮಿಷಕ್ಕೂ ಬಿಡಕೂಡದು.

ಒಲೆಯ ಮುಂದೆ ನಿಂತ ಗೃಹಿಣಿಯನ್ನು ನಾವು ಪಟ್ಟಿಯಲ್ಲಿ ಬಹುಶಃ ಸೇರಿಸುವುದೇ ಇಲ್ಲ. ಊರೆಲ್ಲ ನೆರಳು ಹುಡುಕುವ ಹನ್ನೊಂದು ಗಂಟೆಗೆ ಆಕೆಯು ಬೆಂಕಿಯ ಬದಿಯಲ್ಲಿರುವಳು. ಸೆಕೆಯ ದಿನಗಳಲ್ಲಿ ಅಡಿಗೆಯು ಬೆಳಗ್ಗೆ ಎಂಟರೊಳಗೆ ಮುಗಿಯಲಿ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿಯ ಗಂಜಿ, ಚಟ್ನಿ, ಮಾವಿನ ಮಿಡಿ, ಮಜ್ಜಿಗೆ ಸಾಕು. ಬಿಸಿಬಿಸಿ ಸಾರು ಇಲ್ಲವೆಂದು ಗೃಹಸ್ಥನು ಮುಖ ಸಿಂಡರಿಸಬಾರದು. ತೋಟಕ್ಕೆ ಬರುವ ಆಳುಗಳ ವಿಚಾರವೂ ಹಾಗೆಯೇ. ತೆಂಗು ಅಡಕೆ ಹತ್ತುವ ಕೆಲಸ, ಕಲ್ಲು ಮಣ್ಣು ಹೊರುವ ಕೆಲಸಗಳು ಹನ್ನೊಂದರೊಳಗೆ ನಿಲ್ಲಲಿ. ಉಳಿದುದು ನಾಲ್ಕರ ಮೇಲಾಗಲಿ. ಹೊಸಬನಿಗೆ ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲು ಮಾತ್ರ ಕೊಟ್ಟು ದಿನದಿನಕ್ಕೆ ಏರಿಸುವುದು ಬಲ್ಲವರ ಕ್ರಮ. ಆ ದಿನಗಳ ಕೂಲಿಯನ್ನು ಕಡಿಯದಿರುವುದು ನಮ್ಮ ಧರ್ಮ.

ಕುಡಿಯುವುದಕ್ಕೆ ನಮ್ಮ ಸೀಮೆಯಲ್ಲಿ ಏನೂ ಕೊರತೆಯಿಲ್ಲ. ಉಪ್ಪು ಹಾಕಿದ ಗಂಜಿಯ ತಿಳಿ, ನೀರುಮಜ್ಜಿಗೆ, ಬೊಂಡ, ಪುನರ್ಪುಳಿಯ ಪಾನಕ, ಹೆಸರಿನ ಪಾನಕ ಇವೆಲ್ಲವೂ ಆಗುವುವು. ಬೊಂಡದಲ್ಲಿ ನಾವು ಬೆವರಿನಿಂದ ಕಳೆದುಕೊಳ್ಳುವ ಸೋಡಿಯಮ್ ಲವಣವು ಕಡಿಮೆಯಾದುದರಿಂದ ಅದೊಂದನ್ನೇ ನೆಚ್ಚಬಾರದು. ಹೆಚ್ಚು ಬೆವರಿದವರಿಗೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಬೆರೆಸಿ ಕೊಡಬಹುದು. ಇಲ್ಲಿ ಚಮಚವೆಂದರೆ ಚಹದ ಸಣ್ಣ ಚಮಚ. ಉಪ್ಪು ನೀರುಗಳಿಗೆ ವೈದ್ಯರು ಮಿತಿ ಹಾಕಿರುವವರು ಅವರನ್ನು ಕೇಳಿಯೇ ನಡೆಯಬೇಕು. ಶ್ರೀರಾಮನವಮಿಯಂದು ಹಿರಿಯರು ಪಾನಕ ಮಜ್ಜಿಗೆಗಳನ್ನು ದಾರಿಹೋಕರಿಗೆಲ್ಲ ಹಂಚುವ ಕ್ರಮವನ್ನು ಚೈತ್ರದಲ್ಲಿಯೇ ಇಟ್ಟುದು ಎಷ್ಟು ಉಚಿತ! ಉಪವಾಸದ ದಿನವೆಂದು ನೀರನ್ನೂ ಬಿಡುವ ಹಿರಿಯರು ಅನೇಕರಿರುವರು. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ ಇವುಗಳಿಂದ ವ್ರತಭಂಗವಾಗದೆಂದು ಧರ್ಮಶಾಸ್ತ್ರಕಾರರೇ ಹೇಳಿರುವರೆಂಬುದನ್ನು ಸಂಸ್ಕೃತ ಓದಿದ ನಾವು ಅವರಿಗೆ ಧೈರ್ಯವಾಗಿ ಹೇಳಬಲ್ಲೆವು.

ಮನೆಯ ವಿಷಯದಲ್ಲಿ ಹಳಬರು ಜಾಣರಾಗಿದ್ದರು. ಎತ್ತರದ ಮಾಡು, ಹೆಂಚಿನ ಸಂದಿನಿಂದ ಹೊರಬೀಳುವ ಬಿಸಿಗಾಳಿ, ಸುತ್ತ ಜಗಲಿ, ಅಂಗಳಕ್ಕೆ ಸೋಗೆಯ ಚಪ್ಪರ ಇವು ಸೆಕೆಗೆಂದೇ ಹುಟ್ಟಿದ ಉಪಾಯಗಳು. ತಾರಸಿಯು ಹಗಲೆಲ್ಲ ಶಾಖವನ್ನು ಕುಡಿದು ರಾತ್ರಿಯಲ್ಲಿ ಮಲಗಿದವರ ಮೇಲೆ ಬಿಡುವುದು. ರಾತ್ರಿ ತಣಿಯದ ದೇಹವು ಮರುದಿನದ ಸೆಕೆಯನ್ನು ಸಾಲದೊಡನೆ ಎದುರಿಸುವುದು. ಮೂರನೆಯ, ನಾಲ್ಕನೆಯ ದಿನಗಳಲ್ಲಿ ಜನರು ಬೀಳುವುದಕ್ಕೆ ಇದೊಂದು ಕಾರಣ. ತಾರಸಿಗೆ ಸುಣ್ಣ ಬಳಿಯಿರಿ, ಇಲ್ಲವೆ ಮಡಲು ಹೊದಿಸಿರಿ. ಒಳಗಿಗಿಂತ ಹೊರಗೆ ತಂಪಾದೊಡನೆ ಕಿಟಕಿಗಳನ್ನು ಎದುರುಬದುರಾಗಿ ತೆರೆಯಿರಿ. ಮಧ್ಯಾಹ್ನ ಮೈಯನ್ನು ಒದ್ದೆ ಬೈರಾಸಿನಿಂದ ಒರಸಿಕೊಂಡು ಪಂಖದ ಗಾಳಿಗೆ ಕುಳಿತರೆ ದೇಹವು ಮಾಡಲಾರದ ಕೆಲಸವನ್ನು ನೀರೂ ಗಾಳಿಯೂ ಮಾಡುವುವು. ಗಾಳಿಯಿಲ್ಲದೆ ಮುಚ್ಚಿದ ಕೋಣೆಯಲ್ಲಿ ಯಾರನ್ನೂ ಮಲಗಗೊಡಬೇಡಿರಿ.

ಕಡೆಯದಾಗಿ, ಆಪತ್ತು ಬಂದೇಬಿಟ್ಟರೆ ಮಾಡತಕ್ಕುದೇನು? ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನ ಮೀನಖಂಡ ಹಿಡಿಯುವುದು ಮೊದಲ ಸೂಚನೆಗಳು. ಆಗ ನೆರಳು, ಗಾಳಿ, ಉಪ್ಪು ಸಕ್ಕರೆಯ ನೀರು ಕೊಟ್ಟು ಮಲಗಿಸಬೇಕು. ಮಾತು ತೊದಲಿದರೆ, ಅಸಂಬದ್ಧವಾದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಬೆವರು ನಿಂತಿರಲೇಬೇಕೆಂದಿಲ್ಲ, ದುಡಿದು ಬಿದ್ದವನ ಮೈಯು ಬೆವರುತ್ತಲೇ ಇರಬಹುದು. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ, ಇನ್ನೊಬ್ಬರು ತಡಮಾಡದೆ ನೀರು ಸುರಿಯಲಿ. ಬಟ್ಟೆ ಸಡಿಲಿಸಿ, ಇಡೀ ಮೈ ತೋಯಿಸಿ, ಗಾಳಿ ಬೀಸಿ. ಮಂಜುಗಡ್ಡೆಯಿದ್ದರೆ ಬಟ್ಟೆಯಲ್ಲಿ ಸುತ್ತಿ ಕೊರಳು, ಕಂಕುಳು, ತೊಡೆಸಂದಿಗಳಿಗೆ ಇಡಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿರಿ. ಜ್ವರದ ಮಾತ್ರೆಯು ಇಲ್ಲಿ ನಿರುಪಯುಕ್ತ. ಜ್ವರದಲ್ಲಿ ಮಿದುಳೇ ದೇಹದ ಉಷ್ಣವನ್ನು ಏರಿಸಿಟ್ಟಿರುವುದು, ಮಾತ್ರೆಯು ಅದನ್ನು ಇಳಿಸುವುದು. ಉಷ್ಣಾಘಾತದಲ್ಲಿ ಮಿದುಳು ಇಳಿಸಬಯಸಿಯೂ ಸೋತಿರುವುದು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಇದೊಂದು ವಾಕ್ಯವು ನೆನಪಿನಲ್ಲಿ ಉಳಿದರೆ ಉಳಿದೆಲ್ಲವನ್ನೂ ವಾಚಕರು ಮರೆತರೂ ನಮಗೆ ಚಿಂತೆಯಿಲ್ಲ.

ಅಕ್ಕನು ಈಗ ಹೆಂಚಿನ ಮಾಡಿನ ಚಾವಡಿಯಲ್ಲಿಯೇ ಮಲಗುವರು. ಮೂತ್ರಪಿಂಡಗಳು ಮೊದಲಿನಂತಿಲ್ಲ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆಯುವುದು. ಅವರ ಕೈಯಳತೆಯಲ್ಲಿ ಒಂದು ಹೂಜಿ; ಗೋಡೆಯಲ್ಲಿ ಎರಡು ಉಷ್ಣಮಾಪಕಗಳು, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಕುಂಭ ಸಂಕ್ರಮಣ ಕಳೆದೊಡನೆ ನಾವು ಎರಡನ್ನೂ ದಿನಕ್ಕೆ ಮೂರು ಸಲ ನೋಡುವೆವು. ಕೊಡಪಾನ ತಂದ ಆ ಹೆಂಗಸಿಗೆ ಕೃತಜ್ಞತೆಯನ್ನು ಹೇಳಹೋದಾಗ ಆಕೆ, "ಅದಕ್ಕೇನು ಮಾಷ್ಟ್ರೆ, ಮುಂದಿನ ಸರ್ತಿ ನೀವೇ ನೀರು ಹೊಯ್ದರಾಯಿತು" ಎಂದು ನಕ್ಕು ಕೆಲಸಕ್ಕೆ ಹೋದಳು. ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೇ: ಬರುವ ಫಾಲ್ಗುಣದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮ ಮನೆಯ ಹಿಂದಣ ಕೋಣೆಯಲ್ಲಿ ಯಾರು ಒಬ್ಬರೇ ಮಲಗಿರುವರೆಂದು ಒಮ್ಮೆ ಎದ್ದು ಹೋಗಿ ನೋಡಿರಿ, ಹೆಸರು ಹಿಡಿದು ಕರೆದು ಮಾತನಾಡಿಸಿರಿ.